ಬಡಿದು ಬರುವ ಬಿಸಿಗಾಳಿ

ಪುಣೆಯ ಬಂಡ್ ಗಾರ್ಡನ್ ಸೇತುವೆ ದಾಟಿದರೆ ಯೆರವಡಾ. ಅಲ್ಲಿಂದ ಆಗಾಖಾನ್ ಅರಮನೆಯ ಮುಂದೆ ಹಾಯುವ ನಗರ ರಸ್ತೆ ಸುಮಾರು 120 ಕಿ.ಮೀ. ಓಡಿ ಅಹಮದ್‌ನಗರ ಸೇರುತ್ತದೆ. ಆ ಊರಿಗೆ ಈಗ ಅಹಿಲ್ಯಾನಗರ ಎಂದು ಹೆಸರು. ಲೋಡು ಹೊತ್ತ ಲಾರಿ ಈ ರಸ್ತೆಯಲ್ಲಿ ಸಿಗ್ನಲ್ ಬಿಟ್ಟು ಹೊರಟಾಗ, ಎಂಜಿನ್ನಿನ ಸದ್ದಿನ ಮೇಲೆ ಸಣ್ಣದೊಂದು ಸೀಟಿ ಏರುತ್ತ ಹೋಗುವುದು ಕೇಳಿಸುತ್ತದೆ. ಅದು ಟರ್ಬೊ. ಸೈಲೆನ್ಸರಿನಿಂದ ಸುಮ್ಮನೆ ಹೊರಹೋಗಬೇಕಾದ ಹೊಗೆಯನ್ನು ಒಂದು ಟರ್ಬೈನಿನ ಮೇಲೆ ಹರಿಸಿ, ಅದು ತಿರುಗುವ ಬಲದಿಂದಲೇ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ.

ಆರು ಸಿಲಿಂಡರಿನ ಅನೇಕ ಲಾರಿ ಎಂಜಿನ್ನುಗಳಲ್ಲಿ ಮುಂದಿನ ಮೂರು ಸಿಲಿಂಡರುಗಳ ಹೊಗೆ ಒಂದು ಕೊಳವೆಗೆ, ಹಿಂದಿನ ಮೂರರದು ಇನ್ನೊಂದು ಕೊಳವೆಗೆ ಹೋಗುತ್ತದೆ. ಒಂದರ ಹೊಗೆ ಇನ್ನೊಂದರ ಹೊಟ್ಟೆಗೆ ನುಗ್ಗದಿರಲಿ ಎಂದು ಈ ಏರ್ಪಾಡು. ಟರ್ಬೊಗೆ 1905ರಲ್ಲಿ ಪೇಟೆಂಟ್ ಪಡೆದ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1920ರ ದಶಕದಲ್ಲಿ ತೋರಿಸಿಕೊಟ್ಟ ದಾರಿಯೂ ಇದೇ. ವಾಲ್ವ್ ಮೆಲ್ಲಗೆ ತೆರೆದು ಮೆಲ್ಲಗೆ ಮುಚ್ಚುವುದರಿಂದ ಲಾರಿಯ ಹೊಗೆ ಅಷ್ಟು ಒರಟಾಗಿ ಬರುವುದಿಲ್ಲ. ಟರ್ಬೈನಿನ ಬಾಳು ಅಲ್ಲಿ ಸುಗಮ. ರೋಟರಿ ಎಂಜಿನ್ನಿನಲ್ಲಿ ಹಾಗಲ್ಲ.

ಇದೇ ರಸ್ತೆಯ ಆಚೆ ತುದಿಯ ಅಹಮದ್‌ನಗರದಲ್ಲಿ ರಕ್ಷಣಾ ಇಲಾಖೆಯ ವಾಹನ ಸಂಶೋಧನಾ ಸಂಸ್ಥೆ ವಿಆರ್‌ಡಿಇ ಇದೆ. ಭಾರತದ್ದೇ ಆದ ರೋಟರಿ ಎಂಜಿನ್ ರೂಪುಗೊಂಡದ್ದು ಆ ಸಂಸ್ಥೆ ಮತ್ತು ಬೆಂಗಳೂರಿನ ಎರಡು ವಿಮಾನ ಸಂಶೋಧನಾ ಸಂಸ್ಥೆಗಳಾದ ಎನ್‌ಎಎಲ್, ಎಡಿಇಗಳ ಕೂಡು ದುಡಿಮೆಯಿಂದ. ಎಂಜಿನ್ನಿನ ತಿರುಳನ್ನು, ಅಂದರೆ ವಿಶೇಷ ಅಲ್ಯೂಮಿನಿಯಂ ಎರಕ ಮತ್ತು ಒಳಗೋಡೆಯ ನಿಕಲ್-ಸಿಲಿಕಾನ್ ಕಾರ್ಬೈಡ್ ಲೇಪನವನ್ನು, ಬೆಂಗಳೂರಿನ ಎನ್‌ಎಎಲ್ ಮಾಡಿತು. ಕಿಡಿ ಹೊತ್ತಿಸುವ, ಇಂಧನ ಒದಗಿಸುವ ವ್ಯವಸ್ಥೆಗಳು ವಿಆರ್‌ಡಿಇಯವು. ಹಾರಾಟದ ಪರೀಕ್ಷೆ ಬೆಂಗಳೂರಿನ ಎಡಿಇಯ ಹೊಣೆ. 55 ಅಶ್ವಶಕ್ತಿಯ ಈ ಎಂಜಿನ್ ಸುಮಾರು 30 ಕಿಲೊ ತೂಗುತ್ತದೆ. 2009ರ ಏಪ್ರಿಲ್ 5ರ ಭಾನುವಾರ ಬೆಳಿಗ್ಗೆ ಕೋಲಾರದ ಹತ್ತಿರ 'ನಿಶಾಂತ್' ಎಂಬ ಪೈಲಟ್‌ರಹಿತ ವಿಮಾನವನ್ನು ಹೊತ್ತು ಸಮುದ್ರಮಟ್ಟದಿಂದ 1.8 ಕಿ.ಮೀ. ಎತ್ತರಕ್ಕೇರಿ, ಸುಮಾರು 40 ನಿಮಿಷ ಹಾರಿ ಬಂತು. ಅಲ್ಲಿಯವರೆಗೆ ನಿಶಾಂತ್ ಹಾರುತ್ತಿದ್ದದ್ದು ಹೊರದೇಶದಿಂದ ತರಿಸಿದ ಎಂಜಿನ್ನಿನಿಂದ. ಕೋಲಾರದ ಆ ಬೆಳಗಿನ ಸುದ್ದಿಗೆ ನಮ್ಮ ನಾಡಿನಲ್ಲಿ ಸಿಗಬೇಕಾದಷ್ಟು ಜಾಗ ಸಿಗಲಿಲ್ಲ ಎಂದೇ ನನ್ನ ಅನಿಸಿಕೆ.

ಜರ್ಮನಿಯ ಫೆಲಿಕ್ಸ್ ವಾಂಕೆಲ್ ರೂಪಿಸಿದ ಈ ಬಗೆಯ ಎಂಜಿನ್ 1957ರಲ್ಲಿ ಮೊದಲು ತಿರುಗಿತು. ಇದರಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ ಇಲ್ಲ. ನಡುವೆ ತುಸು ಕಿರಿದಾದ ಉದ್ದುರುಟು ಗೂಡಿನೊಳಗೆ ಮೂರು ಮೂಲೆಯ ರೋಟರ್ ಸುತ್ತುತ್ತದೆ. ರೋಟರಿನ ಮೂರು ಬದಿ ಮತ್ತು ಗೂಡಿನ ಗೋಡೆಯ ನಡುವೆ ಮೂರು ಉರಿಕೋಣೆಗಳು. ರೋಟರ್ ಒಂದು ಸುತ್ತು ಮುಗಿಸುವುದರೊಳಗೆ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ಹಾಗಾಗಿ ಶಾಫ್ಟಿನ ಪ್ರತಿ ಸುತ್ತಿಗೂ ಒಂದು ಕೋಣೆಯ ಹೊಗೆ ಹೊರಬೀಳುತ್ತದೆ. ನಿಮಿಷಕ್ಕೆ 8000 ಸುತ್ತಿನಲ್ಲಿ ಸೆಕೆಂಡಿಗೆ 133 ಹೊಡೆತ. ಹೊಡೆತದಿಂದ ಹೊಡೆತಕ್ಕೆ 7.5 ಮಿಲಿಸೆಕೆಂಡ್.

ಹೊಗೆಯ ಕಿಂಡಿಗೆ ಇಲ್ಲಿ ವಾಲ್ವೇ ಇಲ್ಲ. ರೋಟರಿನ ಮೂಲೆಯಲ್ಲಿರುವ ಸೀಲು ಗೋಡೆಯಲ್ಲಿನ ಕಿಂಡಿಯನ್ನು ದಾಟಿದ ಕ್ಷಣವೇ, ಇನ್ನೂ ಒತ್ತಡ ಇಳಿಯದ ಬಿಸಿ ಅನಿಲ ಒಮ್ಮೆಗೇ ನುಗ್ಗುತ್ತದೆ. ಉರಿಕೋಣೆ ಉದ್ದವಾಗಿ, ಚಪ್ಪಟೆಯಾಗಿ ಇರುವುದರಿಂದ ಉರಿಯುವುದೂ ತಡವಾಗುತ್ತದೆ. ಹೊರಬರುವ ಅನಿಲ 900 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸಾಮಾನ್ಯ. ಇಷ್ಟು ಬಿಸಿಯನ್ನು ಗಾಳಿಗೆ ಚೆಲ್ಲುವ ಎಂಜಿನ್ನಿಗೆ ಟರ್ಬೈನ್ ಜೋಡಿಸಬೇಕು ಎಂದು ಯಾರಿಗಾದರೂ ತೋಚುತ್ತದೆ. ಆಕಾಶದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ನಿಶಾಂತ್ ಏರಬಲ್ಲ 3600 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕಡಲ ಮಟ್ಟದ ಸುಮಾರು ಶೇ. 70ರಷ್ಟು ಮಾತ್ರ. ಎಂಜಿನ್ನಿನ ಬಲವೂ ಅದೇ ಲೆಕ್ಕದಲ್ಲಿ ಕುಗ್ಗುತ್ತದೆ.

ತೊಡಕಿರುವುದು ಟರ್ಬೈನಿನ ಸ್ವಭಾವದಲ್ಲಿ. ಒಂದೇ ಸಮನೆ ಹರಿಯುವ ನೀರಿಗೆ ಒಡ್ಡಬೇಕಾದ ರಾಟೆಗೆ ಕೊಡಗಟ್ಟಲೆ ನೀರು ಎರಚಿದಂತಾಗುತ್ತದೆ ಅದರ ಪಾಡು. ರೆಕ್ಕೆಯ ತುದಿಯ ವೇಗ ಅನಿಲದ ವೇಗದ ಸುಮಾರು 0.7 ಪಾಲು ಇರುವಾಗ ಸಣ್ಣ ಟರ್ಬೈನ್ ಚೆನ್ನಾಗಿ ಕೆಲಸ ಮಾಡುತ್ತದೆ. ಹೊಡೆತ ಬಂದಾಗ ಅನಿಲದ ವೇಗ ಒಮ್ಮೆಗೇ ಜಿಗಿಯುತ್ತದೆ, ಆದರೆ ತೂಕವಿರುವ ಚಕ್ರ 7.5 ಮಿಲಿಸೆಕೆಂಡಿನಲ್ಲಿ ವೇಗ ಬದಲಿಸಲಾರದು. ಆಗ ಅನಿಲ ರೆಕ್ಕೆಗೆ ತಪ್ಪು ಕೋನದಲ್ಲಿ ಬಡಿಯುತ್ತದೆ. ಹೊಡೆತ ಮುಗಿದ ಮೇಲಿನ ಬಿಡುವಿನಲ್ಲಿ ಚಕ್ರ ಪಡೆಯುವುದೇನೂ ಇಲ್ಲ. ಸುತ್ತಲಿನ ಅನಿಲವನ್ನು ಕಡೆಯುತ್ತಾ ತನ್ನ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಸೆಕೆಂಡಿಗೆ 133 ಸಲ ಬಾಗಿ ಎದ್ದ ರೆಕ್ಕೆಯ ಬುಡದಲ್ಲಿ ಬಿರುಕು ಹುಟ್ಟುವ ಭಯವೂ ಇದೆ.

ಹಾಗಾದರೆ ನಡುವೆ ಒಂದು ದೊಡ್ಡ ಡಬ್ಬ ಇಟ್ಟು, ಹೊಡೆತಗಳೆಲ್ಲ ಅದರಲ್ಲಿ ಬೆರೆತು ಸಮನಾಗಿ ಹೊರಬರುವಂತೆ ಮಾಡಿದರಾಯಿತಲ್ಲ? ಮಾಡಬಹುದು, ಆದರೆ ಅದಕ್ಕೆ ಬೆಲೆ ತೆರಬೇಕು. ಹೊಡೆತದ ರಭಸವೇ ಒಂದು ಶಕ್ತಿ. ಡಬ್ಬದೊಳಗೆ ಅದು ಸುಳಿಸುಳಿಯಾಗಿ ಕರಗಿ ಬಿಸಿಯಾಗಿಬಿಡುತ್ತದೆ. ಡಬ್ಬದಲ್ಲಿ ಸದಾ ನಿಂತ ಒತ್ತಡ ಎಂಜಿನ್ನಿನ ಮೇಲೆ ಹಿಮ್ಮುಖವಾಗಿಯೂ ತಳ್ಳುತ್ತದೆ. ಗೋಡೆಯಲ್ಲೇ ಕಿಂಡಿಗಳಿರುವ ರೋಟರಿಯಲ್ಲಿ ಹೊಗೆಯ ಕಿಂಡಿ, ಗಾಳಿಯ ಕಿಂಡಿ ಎರಡೂ ಒಂದಷ್ಟು ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಹಿಂದೆ ಸರಿದ ಹೊಗೆ ಹೊಸ ಗಾಳಿಗೆ ಬೆರೆತು ಉರಿಯನ್ನೇ ಕೆಡಿಸಬಹುದು.

ಜಪಾನಿನ ಮಜ್ದಾ ಕಂಪನಿ ಹಿಡಿದದ್ದು ಇದಕ್ಕೆ ಎದುರು ದಾರಿ. 1982ರಲ್ಲಿ ರೋಟರಿ ಕಾರಿಗೆ ಟರ್ಬೊ ಹಾಕಿದ ಅವರು, ಮರುವರ್ಷವೇ ಹೊಡೆತವನ್ನು ನೇರವಾಗಿ ಬಳಸಿಕೊಳ್ಳಲೆಂದು ಟರ್ಬೈನಿನ ರೆಕ್ಕೆಗಳ ಆಕಾರ ಬದಲಿಸಿದರು. ಮುಂದೆ ಎರಡು ರೋಟರಿನ ಆರ್‌ಎಕ್ಸ್-7 ಕಾರಿನಲ್ಲಿ ಟರ್ಬೈನಿನ ಗೂಡನ್ನೇ ಎರಡು ಕಾಲುವೆಗಳಾಗಿ ಸೀಳಿದರು. ಎರಡು ರೋಟರುಗಳ ಹೊಡೆತ ಶಾಫ್ಟಿನ ಅರ್ಧ ಸುತ್ತಿಗೊಂದರಂತೆ ಬರುವುದರಿಂದ ಒಂದರ ಬಿಡುವನ್ನು ಇನ್ನೊಂದು ತುಂಬುತ್ತದೆ. 2003ರ ಆರ್‌ಎಕ್ಸ್-8ರಲ್ಲಿ ಹೊಗೆಯ ಕಿಂಡಿ ಪಕ್ಕದ ಗೋಡೆಗೆ ಹೋಯಿತು, ಎರಡು ಕಿಂಡಿಗಳು ಒಟ್ಟಿಗೆ ತೆರೆದಿರುವ ಕಾಟ ತಪ್ಪಿತು. ಆದರೆ ಆ ಕಾರಿಗೆ ಟರ್ಬೊ ಇರಲಿಲ್ಲ. 1991ರಲ್ಲಿ ಲೆ ಮಾನ್ ಕಾರು ಓಟದ ಪಂದ್ಯ ಗೆದ್ದ ಮಜ್ದಾದ ನಾಲ್ಕು ರೋಟರಿನ ಎಂಜಿನ್ನಿಗೂ ಟರ್ಬೊ ಇರಲಿಲ್ಲ.

ನಿಶಾಂತ್‌ನಂಥ ವಿಮಾನದ ಎಂಜಿನ್ನಿನಲ್ಲಿ ಇರುವುದು ಒಂದೇ ರೋಟರ್. ಅದರ ಬಿಡುವನ್ನು ತುಂಬಲು ಜೊತೆಗಾರನಿಲ್ಲ. ಆದರೆ ಕಾರಿನಂತೆ ಕ್ಷಣಕ್ಷಣಕ್ಕೂ ವೇಗ ಬದಲಿಸುವ ಗೊಡವೆಯೂ ಅದಕ್ಕಿಲ್ಲ. ಒಮ್ಮೆ ಮೇಲೇರಿದರೆ ನಾಲ್ಕೂವರೆ ಗಂಟೆಯವರೆಗೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸುತ್ತುವ ವಿಮಾನವದು. ಆದ್ದರಿಂದ ಇಂಥ ಕಡೆ ಹೊಡೆತವನ್ನು ಸಮ ಮಾಡುವುದೇ ಸರಿ ಎಂದು ನನ್ನ ವಾದ. ಡಬ್ಬ ದೊಡ್ಡದಿದ್ದರೆ ಚಕ್ರ ವೇಗ ಪಡೆಯಲು ತಡವಾಗುತ್ತದೆ ಎಂಬ ದೂರು ಆಕಾಶದಲ್ಲಿ ಲೆಕ್ಕಕ್ಕೆ ಬಾರದು. ಸದ್ದೂ ತಗ್ಗುತ್ತದೆ; ಬೇಹಿಗೆ ಹೋದ ವಿಮಾನ ನೆಲದವರ ಕಿವಿಗೆ ಬೀಳದಿರುವುದು ಸಣ್ಣ ಲಾಭವಲ್ಲ.

ಡಬ್ಬ ಎಲ್ಲಿಡಬೇಕು ಎಂಬುದು ಮಾತ್ರ ಎಚ್ಚರದಿಂದ ಗುಣಿಸಬೇಕಾದ ಲೆಕ್ಕ. 900 ಡಿಗ್ರಿಯ ಅನಿಲದಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 670 ಮೀಟರ್ ಓಡುತ್ತದೆ. ಅರ್ಧ ಮೀಟರ್ ಕೊಳವೆಯ ಕೊನೆಗೆ ಬಡಿದ ಅಲೆ ಒಂದೂವರೆ ಮಿಲಿಸೆಕೆಂಡಿನಲ್ಲಿ ಕಿಂಡಿಗೆ ವಾಪಸಾಗುತ್ತದೆ, ಅಂದರೆ ಹೊಗೆ ಇನ್ನೂ ಹೊರಬರುತ್ತಿರುವಾಗಲೇ. ಆ ಅಲೆ ಹೊಗೆಯನ್ನು ಎಳೆದುಕೊಳ್ಳುವುದೋ ಒಳಕ್ಕೆ ತಳ್ಳುವುದೋ ಎಂಬುದು ಕೊಳವೆಯ ಉದ್ದ ಮತ್ತು ಕೊನೆಯ ಆಕಾರವನ್ನು ಅವಲಂಬಿಸಿದೆ: ಕೊಳವೆ ಅಗಲವಾದ ಡಬ್ಬಕ್ಕೆ ತೆರೆದರೆ ಎಳೆತ, ಇಕ್ಕಟ್ಟಾದ ಬಾಯಿಗೆ ತಾಗಿದರೆ ತಳ್ಳು. ಕಿಂಡಿಯಿಂದ ಮೋಟು ಕೊಳವೆ, ಅದು ಮೆಲ್ಲಗೆ ಅಗಲಿಸುತ್ತ ಸೇರುವ ಡಬ್ಬ, ಅಲ್ಲಿಂದ ಟರ್ಬೈನ್ ಎಂಬ ಜೋಡಣೆ ಇದಕ್ಕೆ ಒಪ್ಪುತ್ತದೆ. 30 ಕಿಲೊ ಎಂಜಿನ್ನಿಗೆ ಬಿಸಿ ತಾಳುವ ಉಕ್ಕಿನ ಡಬ್ಬದ ತೂಕ ಎಷ್ಟಿದ್ದರೆ ತಾಳೀತು ಎನ್ನುವುದನ್ನೂ ಆಗಲೇ ನೋಡಬೇಕು.

ಹರಿವು ನಿಜಕ್ಕೂ ಸಮವಾಯಿತೇ ಎಂದು ತಿಳಿಯಲು ಸಾಮಾನ್ಯ ಒತ್ತಡದ ಗೇಜು ಸಾಲದು. ಅದರ ಮುಳ್ಳು ನಿಧಾನ. ಹೊಡೆತಗಳ ಸರಾಸರಿಯನ್ನಷ್ಟೇ ತೋರಿಸಿ ಅಲುಗದೆ ನಿಂತಿರುತ್ತದೆ. ಶಾಫ್ಟಿನ ಒಂದೊಂದು ಡಿಗ್ರಿಗೂ ಒತ್ತಡ ಅಳೆಯಬೇಕಾದರೆ 8000 ಸುತ್ತಿನಲ್ಲಿ ಸೆಕೆಂಡಿಗೆ 48,000 ಸಲ ಅಳೆಯಬೇಕು. ಅಷ್ಟು ಚುರುಕಾದ ಸೆನ್ಸರನ್ನು ನೀರಿನಿಂದ ತಣಿಸುತ್ತ ಟರ್ಬೈನಿನ ಬಾಯಲ್ಲೇ ಕೂರಿಸಿದಾಗಷ್ಟೇ ಹೊಡೆತದ ಏರಿಳಿತ ಗೆರೆಗೆ ಸಿಗುತ್ತದೆ.