ಹಿಮಪರ್ವತದ ಉಡುಪು, ಬೂಟುಗಳ ಆಯುಷ್ಯ

ಉಡುಪನ್ನು ಜೋಪಾನವಾಗಿ ತೆಗೆದಿರಿಸಿ, ಅಣ್ಣನ ಬೂಟನ್ನು ತಮ್ಮನಿಗೆ ತೊಡಿಸುವುದು ನಮ್ಮ ಮನೆಗಳ ವಾಡಿಕೆ. ಆದರೆ ಹಿಮಪರ್ವತಗಳನ್ನು ಹತ್ತುವಾಗ ಈ ಮಿತವ್ಯಯವು ಕಾಲ್ಬೆರಳುಗಳನ್ನೇ ಬಲಿ ತೆಗೆದುಕೊಳ್ಳಬಹುದು. ಏಕೆಂದರೆ ಈ ಸಾಮಗ್ರಿಗಳು ಬಳಸದೆ ಇಟ್ಟರೂ ಹಳತಾಗುತ್ತವೆ.

ಅನೇಕ ಪರ್ವತಾರೋಹಣ ಬೂಟುಗಳ ಅಟ್ಟೆಯಲ್ಲಿ ಪಾಲಿಯುರೆಥೇನ್ ಎಂಬ ಮೆತ್ತನೆಯ ಪದರವಿರುತ್ತದೆ. ಗಾಳಿಯ ತೇವಾಂಶವು ಅದರ ಅಣುಸರಪಣಿಗಳನ್ನು ಮೆಲ್ಲನೆ ತುಂಡರಿಸುತ್ತದೆ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೂ ಈ ಕ್ರಿಯೆ ನಿಲ್ಲದು. ಬೆಚ್ಚನೆಯ, ತೇವದ ಕೋಣೆಯಲ್ಲಿ ಇನ್ನೂ ಶೀಘ್ರ. ಮೇಲಿನ ಚರ್ಮ ಮಿರುಗುತ್ತಿದ್ದರೂ ಈ ಪದರ ಪುಡಿಯಾಗಿ, ನಡುದಾರಿಯಲ್ಲಿ ಅಟ್ಟೆ ಕಳಚಿಬೀಳಬಹುದು.

ಪುಕ್ಕ ತುಂಬಿದ ಜಾಕೆಟ್ಟು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ ಮೈಯನ್ನು ಬೆಚ್ಚಗಿಡುತ್ತದೆ. ಬೆವರು, ಜಿಡ್ಡು ಸೇರಿದಾಗ ಪುಕ್ಕ ಅರಳದು; ತೊಳೆದು ಪೂರ್ಣವಾಗಿ ಒಣಗಿಸಿದರೆ ಬಹುಮಟ್ಟಿಗೆ ಚೇತರಿಸುತ್ತದೆ. ಮಳೆ-ಹಿಮ ತಡೆಯುವ ಹೊರ ಜಾಕೆಟ್ಟಿನಲ್ಲಿ ನೀರಹನಿ ಜಾರದೆ ಬಟ್ಟೆಗೆ ಇಂಗಿದರೆ, ಮೇಲಿನ ಲೇಪ ಸವೆದಿದೆಯೆಂದರ್ಥ. ಆಗ ಒಳಗಿನ ಬೆವರು ಹೊರಹೋಗದೆ ಮೈ ಒದ್ದೆಯಾಗುತ್ತದೆ.

ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚಾಗಿ ಶಾಖವನ್ನು ಸಾಗಿಸುತ್ತದೆ. ಚಳಿಯಲ್ಲಿ ದೇಹವು ಕೈಕಾಲುಗಳ ರಕ್ತನಾಳಗಳನ್ನು ಸಂಕುಚಿಸಿ ಹೃದಯ, ಮಿದುಳುಗಳನ್ನು ಕಾಯುತ್ತದೆ. ಒದ್ದೆಯಾದ ಬೆರಳು ಮೊದಲು ನೋಯುತ್ತದೆ, ಬಳಿಕ ಮರಗಟ್ಟುತ್ತದೆ; ನೋವು ನಿಂತಿತೆಂದು ಸಮಾಧಾನಪಡುವ ಹೊತ್ತೇ ಅಪಾಯದ ಹೊತ್ತು. ಸತ್ತ ಅಂಗಾಂಶವನ್ನು ವೈದ್ಯರಾದ ನಾವು ಬದುಕಿಸಲಾರೆವು.

ಆದುದರಿಂದ ಹೊರಡುವುದಕ್ಕೆ ಕೆಲವು ವಾರ ಮೊದಲೇ ಹಳೆಯ ಬೂಟನ್ನು ತೊಟ್ಟು ಮನೆಯ ಸುತ್ತ ನಡೆಯೋಣ. ಅಟ್ಟೆಯ ಬದಿಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಬಿರುಕು ಅಥವಾ ಪುಡಿ ಕಂಡರೆ, ಹೊಸ ಅಟ್ಟೆ ಹಾಕಿಸೋಣ; ಅದಾಗದಿದ್ದರೆ ಬೂಟನ್ನೇ ಬಿಡೋಣ.