ಮಗಳ ಹಿಂದೆಯೇ ಹೊರಟ ತಾಯಿ

ಬೆಂಗಳೂರಿನ ಗಂಗಾನಗರದಿಂದ ಶಿವಗಂಗೆ ಭಾನುವಾರದ ದಾರಿ. ಮೇಖ್ರಿ ಸರ್ಕಲ್ ದಾಟಿ ಯಶವಂತಪುರದಲ್ಲಿ ತುಮಕೂರು ರಸ್ತೆ ಹಿಡಿದರೆ, ಗೊರಗುಂಟೆಪಾಳ್ಯದ ಟ್ರಾಫಿಕ್ಕು ಕರುಣೆ ತೋರಿದ ಮೇಲೆ, ನೆಲಮಂಗಲ, ಡಾಬಸ್‌ಪೇಟೆ, ಆಮೇಲೆ ಬೆಟ್ಟ. ಮೇಲೆ ಪ್ರಪಾತದ ಅಂಚಿಗೊಂದು ಜಾಗ. ‘ಶಾಂತಲಾ ಡ್ರಾಪ್’ ಅನ್ನುತ್ತಾರೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಇಲ್ಲಿಂದ ಹಾರಿದಳಂತೆ. ಮಕ್ಕಳಾಗಲಿಲ್ಲವಂತೆ, ಸವತಿಯ ಸಂಕಟವಂತೆ. ಅಂತೆಕಂತೆ ಕೇಳಿ, ಒಂದು ಸೆಲ್ಫಿ ತೆಗೆದು, ಕೆಳಗಿಳಿದು ಎಳನೀರು ಕುಡಿದರೆ ಶಾಂತಲೆಯ ಕಥೆ ಮುಗಿಯಿತು.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನ ಇಷ್ಟು ಬಾಯಿಬಡುಕನಲ್ಲ. 1131ರ ಚೈತ್ರ ಶುದ್ಧ ಪಂಚಮಿ, ಸೋಮವಾರ, ರಾಣಿ ಶಿವಗಂಗೆಯ ತೀರ್ಥದಲ್ಲಿ ‘ಮುಡಿಪಿ’ದಳು ಅನ್ನುತ್ತದೆ. ವ್ರತ ಹಿಡಿದು ದೇಹ ಬಿಟ್ಟ ಜೈನರ ಬಗ್ಗೆಯೂ ಕಲ್ಲುಗಳು ಆಡುವ ಮಾತು ಅದೇ. ಹಾರಿದ ಸುದ್ದಿ ಅಲ್ಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಭಾಗ: ಶಾಂತಲೆಯ ತಾಯಿ ಮಾಚಿಕಬ್ಬೆ.

ಆ ಮನೆಯೇ ಸೋಜಿಗದ್ದು. ಅಪ್ಪ ಪೆರ್ಗಡೆ ಮಾರಸಿಂಗಯ್ಯ ಶಿವಭಕ್ತ. ಅವ್ವ ಬಲದೇವ ದಂಡನಾಯಕನ ಮಗಳು, ಜೈನಳು. ಮಗಳು ಹಿಡಿದದ್ದು ಅವ್ವನ ದಾರಿ. ಕಟ್ಟಿಕೊಂಡ ಗಂಡ ವೈಷ್ಣವನೆಂದೇ ಹೆಸರಾದವನು. ಶಾಂತಲೆ ತಾನೂ ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದಳು. 1123ರಲ್ಲಿ ಚಿಕ್ಕಬೆಟ್ಟದ ಮೇಲೆ ಶಾಂತಿನಾಥನಿಗೆ ಸವತಿಗಂಧವಾರಣ ಬಸದಿಯನ್ನೂ ಎತ್ತಿಸಿದಳು. ಸವತಿಯರ ಪಾಲಿಗೆ ಮದ್ದಾನೆ ಎಂಬ ಬಿರುದು ಹೊತ್ತವಳನ್ನು ಸವತಿಯ ಸಂಕಟಕ್ಕೆ ಪ್ರಪಾತಕ್ಕೆ ಹಾರಿಸಿಬಿಟ್ಟೆವಲ್ಲ! ಚೆನ್ನಿಗರಾಯನಿಗೆ ಗುಡಿ ಕಟ್ಟಿಸಿಯೂ ಅವಳು ಜಿನನನ್ನು ಬಿಡಲಿಲ್ಲ. ಈ ಹದ ಅವಳಿಗೆ ಗುರುಗಳಿಂದ ಬಂದದ್ದಕ್ಕಿಂತ ಹೆಚ್ಚಾಗಿ, ಒಂದೇ ಸೂರಿನಡಿ ಶಿವಪೂಜೆಯ ಗಂಟೆಯನ್ನೂ ಕೇಳಿಸಿಕೊಂಡು ತನ್ನ ನೇಮವನ್ನೂ ನಡೆಸಿದ ತಾಯಿಯಿಂದ ಬಂತೆಂದೇ ನನ್ನ ಅನಿಸಿಕೆ.

ಚಿಕ್ಕಬೆಟ್ಟ ಹತ್ತಿದರೆ ತಾಯಂದಿರದೇ ಸಾಲು. ಕತ್ತಲೆ ಬಸದಿ ದಂಡನಾಯಕ ಗಂಗರಾಜ ತನ್ನ ತಾಯಿ ಪೋಚವ್ವೆಗಾಗಿ ಕಟ್ಟಿಸಿದ್ದು. ತೇರಿನ ಬಸದಿಯ ಶಾಸನದಲ್ಲಿ ಪೊಯ್ಸಳಸೆಟ್ಟಿ, ನೇಮಿಸೆಟ್ಟಿ ಎಂಬ ವರ್ತಕರ ತಾಯಂದಿರ ಹೆಸರು. ಅವರಲ್ಲೊಬ್ಬಳು ಮಾಚಿಕಬ್ಬೆಯೇ, ಆದರೆ ಬೇರೆಯವಳು. ಎದುರಿನ ದೊಡ್ಡಬೆಟ್ಟದ ಗೊಮ್ಮಟನ ಹಿಂದೆಯೂ ಒಬ್ಬ ತಾಯಿ: ಬಾಹುಬಲಿಯನ್ನು ಕಾಣುವ ತನಕ ಹಾಲು ಮುಟ್ಟೆನೆಂದ ಕಾಳಲಾದೇವಿ. ಇದು ಐತಿಹ್ಯ, ಆದರೆ ಗೊಮ್ಮಟನನ್ನು ಕಡೆಸಿದ ಮಗ ಚಾವುಂಡರಾಯನನ್ನು ಬೆಳಗೊಳಕ್ಕೆ ಎಳೆತಂದದ್ದು ಅವ್ವನ ಹಟವೆಂದು ಜನ ತಲೆತಲಾಂತರದಿಂದ ನಂಬಿದ್ದಾರೆ. 58 ಅಡಿಯ ಹಟ!

ಮಾಚಿಕಬ್ಬೆಯದು ಹಾಗಲ್ಲ. ಗಂಗರಾಜ, ಚಾವುಂಡರಾಯರ ಕಥೆಯಲ್ಲಿ ತಾಯಿಗಾಗಿ ಮಗ ಕಟ್ಟಿಸಿಕೊಡುತ್ತಾನೆ. ಇಲ್ಲಿ ತಾಯಿ ಕಲಿಸಿದ ದಾರಿಯ ಕೊನೆಯನ್ನು ಮಗಳು ಮೊದಲು ಮುಟ್ಟಿಬಿಟ್ಟಳು. ರಾಣಿಯೇ ಹೋದ ಮೇಲೆ ತಾನಿರಬಾರದೆಂದು ಮುದುಕಿ ಬೆಳಗೊಳಕ್ಕೆ ಬಂದಳು. ಉಪವಾಸವಿದ್ದು ದೇಹ ಬಿಡುವ ಸಲ್ಲೇಖನ ವ್ರತ ಹಿಡಿದಳು. ಹೊತ್ತಿನ ಊಟವೊಂದು ತಪ್ಪಿದರೆ ರೇಗುವ ನಾವು ಅದನ್ನು ಅಳೆಯಲಾರೆವು. ಶೋಕ ಎಲ್ಲಿ ಮುಗಿಯಿತು, ವ್ರತ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವವರು ಎಳೆಯಲಿ, ಶಾಸನ ಎಳೆದಿಲ್ಲ. ನೋಡಿದವರು ನೆನೆದು ಬರೆಸಿದಂತೆ ಅದು ಒಂದೊಂದೇ ಹೇಳುತ್ತದೆ: ಅರೆಮುಚ್ಚಿದ ಕಣ್ಣು, ಪಂಚಪದಗಳ ಜಪ, ಜಿನಧ್ಯಾನ, ಬಂಧುಗಳನ್ನು ಬೀಳ್ಕೊಟ್ಟ ಗಾಂಭೀರ್ಯ. ಉಪವಾಸ ಒಂದು ತಿಂಗಳು. ಆ ಹೊತ್ತಿಗೆ ಎದುರಿಗಿದ್ದ ಗುರುಗಳಲ್ಲಿ ಮಗಳಿಗೆ ಗುರುವಾಗಿದ್ದ ಪ್ರಭಾಚಂದ್ರ ಸಿದ್ಧಾಂತದೇವರೂ ಇದ್ದರು.