ಹಿಮದಲ್ಲೂ ಬದುಕುವ ಕಲ್ಲುಹೂವು

ಚಿತ್ರದುರ್ಗದ ಏಳುಸುತ್ತಿನ ಕೋಟೆ ಹತ್ತುವವರು ಓಬವ್ವನ ಕಿಂಡಿಯ ಮುಂದೆ ತಪ್ಪದೆ ನಿಲ್ಲುತ್ತಾರೆ. ಆದರೆ ಅಲ್ಲಿನ ಬಂಡೆಗಳ ಮೇಲೆ ಬೂದಿ, ಹಳದಿ ಬಣ್ಣದಲ್ಲಿ ಹರಡಿರುವ ಕಲೆಗಳತ್ತ ಕಣ್ಣು ಹಾಯಿಸುವವರು ವಿರಳ. ಮಳೆ ಬಿಸಿಲಿಗೆ ಕಲ್ಲು ಬಣ್ಣಗೆಟ್ಟಿದೆ ಎಂದುಕೊಳ್ಳುವವರೇ ಹೆಚ್ಚು. ಆ ಕಲೆಗಳಿಗೆ ಜೀವವಿದೆ! ಗ್ರಂಥಿಗೆ ಅಂಗಡಿಯಿಂದ ತಂದು ಮಸಾಲೆಗೆ ಹಾಕುವ ಕಲ್ಲುಹೂವಿನ ದಾಯಾದಿಗಳು ಅವು.

ಹೆಸರು ಹೂವಾದರೂ ಇದು ಹೂವಲ್ಲ, ಗಿಡವೂ ಅಲ್ಲ. ಶಿಲೀಂಧ್ರವೊಂದು ಪಾಚಿಯ ಜೊತೆ ಹೂಡಿದ ಸಂಸಾರ. ಪಾಚಿ ಬಿಸಿಲಿನ ನೆರವಿನಿಂದ ಆಹಾರ ತಯಾರಿಸುತ್ತದೆ. ಶಿಲೀಂಧ್ರ ಅದಕ್ಕೆ ಆಸರೆಯಾಗಿ ನೀರನ್ನು ಹಿಡಿದಿಡುತ್ತದೆ. 1867ರಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಈ ಮಾತನ್ನು ಹೇಳಿದಾಗ ಅಂದಿನ ಹಲವು ಪಂಡಿತರು ಒಪ್ಪಲಿಲ್ಲ. ಈಗ ಅದು ಶಾಲೆಯ ಪಾಠ. ಪ್ರಯೋಗಶಾಲೆಯ ಲಿಟ್ಮಸ್ ಬಣ್ಣ ಬಂದದ್ದೂ ಕಲ್ಲುಹೂಗಳಿಂದಲೇ.

ನೀರಿಲ್ಲದಾಗ ಒಣಗಿ ನಿದ್ದೆ ಹೋಗುವುದು, ಹನಿ ತೇವ ಸಿಕ್ಕೊಡನೆ ಎಚ್ಚರಗೊಳ್ಳುವುದು ಕಲ್ಲುಹೂವಿನ ಬದುಕಿನ ಗುಟ್ಟು. ದುರ್ಗದ ಕಾದ ಬಂಡೆಯ ಮೇಲೆ ಅದನ್ನು ಉಳಿಸುವ ಈ ಉಪಾಯವೇ ಹಿಮಾಲಯದಲ್ಲಿ, ಮರಗಳು ಬೆಳೆಯಲಾರದ ಎತ್ತರದಲ್ಲೂ ಅದನ್ನು ಕಾಯುತ್ತದೆ. ಅಂಟಾರ್ಕ್ಟಿಕದಲ್ಲಿ ಹೂಬಿಡುವ ಸಸ್ಯಗಳು ಎರಡೇ ಬಗೆಯವು. ಕಲ್ಲುಹೂಗಳಾದರೋ ಸುಮಾರು 400 ಪ್ರಭೇದ. ಭಾರತದ 'ಮೈತ್ರಿ' ಕೇಂದ್ರದ ಸುತ್ತಲಿನ ಬಂಡೆಗಳ ಮೇಲೂ ಅವು ಇವೆ. 2005ರಲ್ಲಿ ಯುರೋಪಿನ ವಿಜ್ಞಾನಿಗಳು ಎರಡು ಪ್ರಭೇದಗಳನ್ನು ಸುಮಾರು ಎರಡು ವಾರ ಬಾಹ್ಯಾಕಾಶಕ್ಕೆ ಒಡ್ಡಿದರು. ಭೂಮಿಗೆ ಮರಳಿದ ಮೇಲೆ ಅವು ಮತ್ತೆ ಚೇತರಿಸಿಕೊಂಡವು.

ಇಂಥ ಶೀತಲ ಶಿಖರಗಳಲ್ಲಿ ಹೊಸ ಪ್ರಭೇದ ಸಿಗುವುದು ಹೇಗೆ? ಬೆಟ್ಟ ಹತ್ತಿದ ಮಾತ್ರಕ್ಕೆ ಸಿಗುವುದಿಲ್ಲ. ಕಲ್ಲಿಗೆ ಅಂಟಿದ್ದನ್ನು ಉಳಿ, ಸುತ್ತಿಗೆಗಳಿಂದ ಕಲ್ಲಿನ ಚೂರಿನೊಡನೆಯೇ ತೆಗೆದು, ಕಾಗದದ ಪೊಟ್ಟಣದಲ್ಲಿಟ್ಟು ಸ್ಥಳ, ಎತ್ತರ, ದಿನಾಂಕ ಬರೆಯಬೇಕು. ನಿಜವಾದ ಹುಡುಕಾಟ ಮೇಜಿನ ಮೇಲೆ ಆರಂಭ. ಬ್ಲೇಡಿನಿಂದ ತೆಳ್ಳಗೆ ಸೀಳಿ ಬೀಜಕಗಳ ಆಕಾರ, ಅಳತೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಹನಿ, ಚಲುವೆ ಪುಡಿಯ ದ್ರಾವಣದ ಹನಿ ಬಿಟ್ಟು ಬಣ್ಣ ಬದಲಾಗುವುದೇ ಎಂದು ಪರೀಕ್ಷಿಸುತ್ತಾರೆ. ಈಗ ಡಿಎನ್‌ಎ ಪರೀಕ್ಷೆಯೂ ಜೊತೆಗೂಡಿದೆ. ಈ ಮೊದಲು ಹೆಸರಿಟ್ಟ ಮಾದರಿಗಳಲ್ಲಿ ಯಾವುದಕ್ಕೂ ಹೊಂದದಿದ್ದರೆ ಮಾತ್ರ ಅದು ಹೊಸದು. ಭಾರತದಲ್ಲಿ ಈ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲಿ ಲಖನೌದ ಡಿ.ಡಿ. ಅವಸ್ಥಿ ಪ್ರಮುಖರು. ಅಲ್ಲಿನ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಇಂಥ ಮಾದರಿಗಳ ದೊಡ್ಡ ಸಂಗ್ರಹವಿದೆ.

ಹೆಸರಿಡುವ ಅವಸರವೇಕೆ ಎಂದು ಕೇಳಬಹುದು. ಕಲ್ಲುಹೂವಿನ ಬೆಳವಣಿಗೆ ಅಷ್ಟು ನಿಧಾನ. ಕೆಲವು ವರ್ಷಕ್ಕೆ ಒಂದು ಮಿಲಿಮೀಟರೂ ಹಿಗ್ಗುವುದಿಲ್ಲ. ಅಂಗೈಯಗಲದ ಕಲೆಗೆ ಶತಮಾನವೇ ಬೇಕಾದೀತು. ಹಿರಿಯೂರಿನ ಬಳಿಯ ಮಾರಿಕಣಿವೆ ಅಣೆಕಟ್ಟು ಪೂರ್ಣಗೊಂಡದ್ದು 1907ರಲ್ಲಿ. ಅದರ ಗೋಡೆಯ ಮೇಲೆ ಹಬ್ಬಿದ ಕಲೆ ಆ ಗೋಡೆಗಿಂತ ಹಳೆಯದಾಗಿರಲಾರದಷ್ಟೆ. ವಯಸ್ಸು ಗೊತ್ತಿರುವ ಇಂಥ ಕಲ್ಲುಗಳ ಮೇಲಿನ ಕಲೆಗಳನ್ನು ಅಳೆದು ಬೆಳವಣಿಗೆಯ ವೇಗ ತಿಳಿಯುತ್ತಾರೆ. ಅದರ ಆಧಾರದಿಂದ, ಹಿಮನದಿ ಹಿಂದೆ ಸರಿದು ಬಯಲಾದ ಬಂಡೆಗಳ ಕಾಲವನ್ನು ಲೆಕ್ಕ ಹಾಕುತ್ತಾರೆ.

ಭೂಮಿಯ ಬಿಸಿ ಏರಿದಂತೆ ತಂಪನ್ನು ಬಯಸುವ ಜೀವಿಗಳು ಮೇಲಮೇಲಕ್ಕೆ ಸರಿಯಬೇಕಾಗುತ್ತದೆ. ಆದರೆ ಶಿಖರದ ತುದಿಯಲ್ಲಿರುವುದು ಇನ್ನೆಲ್ಲಿಗೆ ಹೋದೀತು? ನಮ್ಮ ಕಡೆಯ ಅಪಾಯ ಬೇರೆ ಬಗೆಯದು. ಹೊಸದುರ್ಗ, ಹೊಳಲ್ಕೆರೆಗಳ ಗುಡ್ಡಗಳಲ್ಲಿ ಅದಿರು ತೆಗೆಯುವಾಗ, ಕ್ವಾರಿಯಲ್ಲಿ ಬಂಡೆ ಸಿಡಿಸುವಾಗ ಅದರ ಮೈಮೇಲಿನ ಜೀವವೂ ಹೋಗುತ್ತದೆ. ಕೋಟೆಯ ಕಲ್ಲಿನ ಮೇಲೆ ಹೆಸರು ಕೆತ್ತುವವರು ಅಳಿಸುವುದೂ ನೂರು ವರ್ಷದ ಬೆಳೆಯನ್ನೇ ಇರಬಹುದು.

ಮುಂದಿನ ಸಲ ದುರ್ಗಕ್ಕೆ ಹೋದಾಗ ಜೇಬಿನಲ್ಲೊಂದು ಭೂತಕನ್ನಡಿ ಇರಲಿ. ನೋಡಿ, ಮಕ್ಕಳಿಗೂ ತೋರಿಸಿ. ಕೀಳುವುದು ಮಾತ್ರ ಬೇಡ.